ಗ್ರಾಫ್ ಹಾಳೆಯ ಮೇಲೆ ಹತ್ತು ಪಾತಾಳ

ಆರು ಜನರ ತಂಡ. ನಾಲ್ಕು ಸಾವಿರ ಚೌಕಗಳ ಚಕ್ರವ್ಯೂಹ. ಕೈಯಲ್ಲೊಂದು ಪೆನ್ಸಿಲ್. ದಾರಿ ತೋರಿಸುವವರಿಲ್ಲ, ಸತ್ತವರು ತಾವಾಗಿ ಏಳುವುದೂ ಇಲ್ಲ. 1981ರಲ್ಲಿ ಅಮೆರಿಕದ ಇಬ್ಬರು ವಿದ್ಯಾರ್ಥಿಗಳು ಬರೆದ ಕಂಪ್ಯೂಟರ್ ಆಟವೊಂದು ಈ ಮಳೆಗಾಲ ಕುಮಟಾದ ಜಗಲಿಯೊಂದನ್ನು ಪೂರ್ತಿ ಆವರಿಸಿಕೊಂಡ ಕಥೆ.

ಬಾಗಿಲು ಮುಚ್ಚಿದೆ. ಆಚೆ ಏನಿದೆಯೆಂದು ಯಾರಿಗೂ ಗೊತ್ತಿಲ್ಲ. ಕರಿಯ ಪರದೆಯ ಮೂಲೆಯಲ್ಲಿ ಅಂಗೈಯಗಲದ ಚಿತ್ರ. ಅದರಲ್ಲಿ ಇರುವುದು ನಾಲ್ಕಾರು ಬಿಳಿ ಗೆರೆ. ಆ ಗೆರೆಗಳೇ ಓಣಿ, ಅವೇ ಗೋಡೆ. ಕೆಳಗೆ ಆರು ಹೆಸರು, ಒಂದೊಂದು ಹೆಸರಿನ ಮುಂದೆ ಉಳಿದಿರುವ ಪ್ರಾಣದ ಲೆಕ್ಕ.

"ಒದೆಯಲಾ ಮಾವಾ?" ಕೀಲಿಮಣೆಯ ಮುಂದೆ ಕುಳಿತ ಸೋದರಳಿಯ ಕೇಳಿದ. ಈ ಆಟದಲ್ಲಿ ಬಾಗಿಲನ್ನು ಮೆಲ್ಲಗೆ ತೆರೆಯುವ ಪದ್ಧತಿಯಿಲ್ಲ, ಒದ್ದು ನುಗ್ಗಬೇಕು. ಅದಕ್ಕೇ ಒಂದು ಕೀಲಿಯಿದೆ.

"ತಡಿ, ಗೋಡೆ ಬರ್ಕತ್ತಿ" ಎಂದಳು ಅವನ ಅಕ್ಕ, ನನ್ನ ಸೋದರಸೊಸೆ. ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ ಒಂದು ಚೌಕ ಮುಂದೆ ಸರಿಯಿತು.

ಜಗಲಿಯ ಆಚೆ ಆಷಾಢದ ಮಳೆ ಹೊಯ್ಯುತ್ತಿತ್ತು. ಶಾಲೆಗೆ ರಜೆ ಘೋಷಣೆಯಾಗಿತ್ತು. ಯಾಂತ್ರಿಕ ದೋಣಿಗಳೆಲ್ಲ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧಕ್ಕೆ ತದಡಿ, ಹೊನ್ನಾವರದ ಬಂದರುಗಳಲ್ಲಿ ಲಂಗರು ಹಾಕಿದ್ದವು. ಕರೆಂಟು ಬಂದು ಹೋಗಿ ಮಾಡುತ್ತಿದ್ದುದರಿಂದ ಲ್ಯಾಪ್‌ಟಾಪು ಬ್ಯಾಟರಿಯಲ್ಲೇ ಓಡುತ್ತಿತ್ತು.

ಬಾಗಿಲು ಒದ್ದಾಯಿತು. ಒಳಗೆ ಕುಳ್ಳ ಮನುಷ್ಯಾಕೃತಿಗಳ ಗುಂಪು. ಅವು ಯಾವುವೆಂದು ಆಟ ಹೇಳುವುದಿಲ್ಲ. ಗುರುತು ಸಿಗುವ ಹೊತ್ತಿಗೆ ಕತ್ತಿ ಬೀಸಿಯಾಗಿರುತ್ತದೆ. ಎರಡು ನಿಮಿಷದಲ್ಲಿ ಮುಂದಿನ ಸಾಲಿನ ಯೋಧನೊಬ್ಬ ಬಿದ್ದ. ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಆಟದ ಹೆಸರು 'ವಿಜಾರ್ಡ್ರಿ'. ನೆಲದಡಿಯ ಕತ್ತಲ ಚಕ್ರವ್ಯೂಹದಲ್ಲಿ ಒಂದು ತಂಡವನ್ನು ನಡೆಸುವ ಕಂಪ್ಯೂಟರ್ ಆಟಗಳ ದೊಡ್ಡ ಕುಲವೇ ಇದೆ. ಆ ಕುಲಕ್ಕೆ ಮನೆಮನೆಯ ಕಂಪ್ಯೂಟರಿನಲ್ಲಿ ಜಾಗ ಕಟ್ಟಿಕೊಟ್ಟದ್ದು ಈ ಆಟ.

ಆರು ಜನರ ಒಂದು ದೇಹ

ಮೊದಲು ತಂಡ ಕಟ್ಟಬೇಕು. ಮಾನವ, ಎಲ್ಫ್, ಡ್ವಾರ್ಫ್, ನೋಮ್, ಹಾಬಿಟ್ ಎಂಬ ಐದು ಕುಲ. ಯೋಧ, ಮಂತ್ರವಾದಿ, ಅರ್ಚಕ, ಕಳ್ಳ ಎಂಬ ನಾಲ್ಕು ಮೂಲ ವೃತ್ತಿ. ಬಲ, ಬುದ್ಧಿ, ಭಕ್ತಿ, ಜೀವಶಕ್ತಿ, ಚುರುಕುತನ, ಅದೃಷ್ಟ ಎಂಬ ಆರು ಗುಣ. ಒಬ್ಬೊಬ್ಬರನ್ನೂ ಹೆಸರಿಟ್ಟು ಹುಟ್ಟಿಸಿ, ಛತ್ರದಲ್ಲಿ ಕಲೆಹಾಕಿ, ಅಂಗಡಿಯಲ್ಲಿ ಕತ್ತಿ ಗುರಾಣಿ ಕೊಡಿಸಿ, ಮೆಟ್ಟಿಲು ಇಳಿಸಬೇಕು.

ಇಳಿದ ಮೇಲೆ ಆರೂ ಜನ ಒಟ್ಟಿಗೇ ನಡೆಯುತ್ತಾರೆ. ಮುಂದೆ ಮೂವರು, ಹಿಂದೆ ಮೂವರು. ಕತ್ತಿಯ ಏಟು ಕೊಡುವವರೂ ತಿನ್ನುವವರೂ ಮುಂದಿನ ಮೂವರೇ. ಹಿಂದಿನ ಸಾಲಿನಲ್ಲಿ ನಿಂತ ಮಂತ್ರವಾದಿಗೆ ಶುರುವಿನಲ್ಲಿ ಎರಡೇ ಮಂತ್ರದ ಶಕ್ತಿ. ಒಂದು ಬೆಂಕಿಯುಂಡೆ ಎಸೆದು, ಒಂದು ಗುಂಪನ್ನು ನಿದ್ದೆಗೆ ಕೆಡವಿದರೆ ಅವನ ಕೆಲಸ ಮುಗಿಯಿತು. ನೆಲದ ಮೇಲಿನ ಕೋಟೆಗೆ ಮರಳಿ ಮಲಗುವ ತನಕ ಅವನು ಬರಿಗೈ. ಅರ್ಚಕನಿಲ್ಲದೆ ಗಾಯ ಮಾಯುವುದಿಲ್ಲ. ಕಳ್ಳನಿಲ್ಲದೆ ಪೆಟ್ಟಿಗೆ ತೆರೆದರೆ ವಿಷದ ಸೂಜಿ ಚುಚ್ಚೀತು, ಹೊಗೆ ಕವಿದೀತು, ಇಡೀ ತಂಡ ಇನ್ನೆಲ್ಲಿಗೋ ಎಸೆಯಲ್ಪಟ್ಟೀತು.

ಈ ಬಗೆಯ ಆಟಗಳನ್ನು ನಾನು ಇಷ್ಟು ಪ್ರೀತಿಸುವುದು ಇದೇ ಕಾರಣಕ್ಕೆ. ಇಲ್ಲಿ ಒಬ್ಬ ಮಹಾವೀರನಿಲ್ಲ. ಪ್ರತಿಯೊಬ್ಬರೂ ಒಂದೊಂದು ಕಡೆ ಅಪೂರ್ಣರು. ಒಬ್ಬರ ಕೊರತೆಗೆ ಇನ್ನೊಬ್ಬರು ಅಡ್ಡ ನಿಲ್ಲುತ್ತಾರೆ. ಹತ್ತನೇ ಮಹಡಿಯ ತನಕ ಬೆಳೆದ ತಂಡದಲ್ಲೂ ಈ ಅವಲಂಬನೆ ಕಡಿಮೆಯಾಗುವುದಿಲ್ಲ. ಇಂದಿನ ಮೊಬೈಲ್ ಆಟಗಳಲ್ಲಿ ಮಕ್ಕಳು ಒಬ್ಬೊಬ್ಬರೇ, ಒಂದೊಂದು ಪರದೆಗೆ ತಲೆಬಾಗಿ ಗೆಲ್ಲುವುದನ್ನು ನೋಡಿದಾಗೆಲ್ಲ ನನಗೆ ಈ ಆರು ಹೆಸರುಗಳ ಪಟ್ಟಿ ನೆನಪಾಗುತ್ತದೆ.

ಇಂಥ ಆಟವನ್ನು ನಾನು ಮೊದಲು ಕಂಡದ್ದು ತೊಂಬತ್ತರ ದಶಕದ ಭಟ್ಕಳದಲ್ಲಿ. ಗಲ್ಫಿಗೆ ಹೋದವರ ಊರದು. ಸಹಪಾಠಿಯೊಬ್ಬನ ಚಿಕ್ಕಪ್ಪ ರಜೆಗೆ ಬರುವಾಗ ಕಂಪ್ಯೂಟರ್ ತಂದಿದ್ದರು, ಜೊತೆಗೆ ಫ್ಲಾಪಿಗಳಲ್ಲಿ 'ಐ ಆಫ್ ದಿ ಬಿಹೋಲ್ಡರ್'. ವಾಟರ್‌ಡೀಪ್ ಎಂಬ ಕಲ್ಪನೆಯ ನಗರದ ಒಳಚರಂಡಿಯಲ್ಲಿ ಶುರುವಾಗುವ ಆಟ. ನಡುಮನೆಯ ತುಂಬ ಹುಡುಗರು. ಒಬ್ಬ ಮೌಸ್ ಹಿಡಿದರೆ ಉಳಿದವರು ಅವನ ಹೆಗಲ ಮೇಲಿಂದ ಎಡಕ್ಕೆ ಹೋಗು, ಬಲಕ್ಕೆ ಹೋಗು ಎಂದು ಕೂಗುತ್ತಿದ್ದೆವು. ಒಳಗಿನಿಂದ ಬಂದ ಚಹಾ ಆರುತ್ತಿತ್ತು. ತಂಡದ ಆಟ ಪರದೆಯ ಈಚೆಗೂ ನಡೆಯುತ್ತದೆ ಎಂಬುದು ನನ್ನ ತಲೆಯಲ್ಲಿ ಗಟ್ಟಿಯಾದದ್ದು ಆ ಮನೆಯಲ್ಲಿ.

ಅಳಿಸಿದರೂ ಮತ್ತೆ ಹುಟ್ಟಿದ ಆಟ

ಕಥೆ ಕಂಪ್ಯೂಟರಿಗಿಂತ ಮೊದಲು, ಮೇಜಿನ ಸುತ್ತ ಶುರುವಾಗುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಟಿಸಿದರು. ಕಾಗದ, ಪೆನ್ಸಿಲ್, ದಾಳ. ಪಾತ್ರಗಳಾಗಿ ಮಾತಾಡುವ ನಾಲ್ಕೈದು ಗೆಳೆಯರು. ಎದುರಿಗೆ ಲೋಕವನ್ನೇ ಬಣ್ಣಿಸುತ್ತ ಹೋಗುವ ಒಬ್ಬ 'ಡಂಜನ್ ಮಾಸ್ಟರ್'.

ಮರುವರ್ಷವೇ ಅದು ಕಂಪ್ಯೂಟರಿಗೆ ನುಸುಳಿತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲೆಂದು ಕಟ್ಟಿದ್ದ 'ಪ್ಲೇಟೊ' ಎಂಬ ವ್ಯವಸ್ಥೆಯಿತ್ತು. ಅದರ ಕಿತ್ತಳೆ ಬಣ್ಣದ ಪರದೆಗಳಲ್ಲಿ ವಿದ್ಯಾರ್ಥಿಗಳು ಗುಟ್ಟಾಗಿ ನೆಲಮಾಳಿಗೆಗಳನ್ನು ತೋಡಿದರು. ಒಂದು ಆಟದ ಹೆಸರು 'ಪೆಡಿಟ್5'. ಆಟವೆಂದು ಗೊತ್ತಾಗದಿರಲಿ ಎಂದೇ ಪಾಠದ ಕಡತದಂಥ ಆ ಹೆಸರು. ಆಡಳಿತದವರು ಪತ್ತೆಹಚ್ಚಿ ಅಳಿಸಿದರು. ಅಳಿಸಿದಷ್ಟೂ ಹೊಸವು ಹುಟ್ಟಿದವು. 1977ರ 'ಊಬ್ಲಿಯೆಟ್'ನಲ್ಲಿ ಹಲವರು ಸೇರಿ ಗುಂಪಾಗಿ ಇಳಿಯಬಹುದಿತ್ತು.

ಈ ಲೋಕವನ್ನು ಹತ್ತಿರದಿಂದ ಬಲ್ಲವನು ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ವುಡ್‌ಹೆಡ್. ಅಲ್ಲೇ ಓದುತ್ತಿದ್ದ ಆಂಡ್ರ್ಯೂ ಗ್ರೀನ್‌ಬರ್ಗ್ ಬೇರೆಯಾಗಿ ತನ್ನದೊಂದು ಆಟ ಬರೆಯುತ್ತಿದ್ದ. ಇಬ್ಬರೂ ಕೈಜೋಡಿಸಿದರು. ಪ್ಲೇಟೊದಂಥ ದೈತ್ಯ ಯಂತ್ರ ಮಾಡುತ್ತಿದ್ದುದನ್ನು ಪುಟ್ಟ ಆಪಲ್ 2 ಕಂಪ್ಯೂಟರಿನ ಫ್ಲಾಪಿಯೊಳಗೆ ತುಂಬಿಸಿದರು. ಪ್ಯಾಸ್ಕಲ್ ಭಾಷೆಯಲ್ಲಿ ಬರೆದ ಆ ಆಟವನ್ನು ಸರ್-ಟೆಕ್ ಸಂಸ್ಥೆ 1981ರಲ್ಲಿ ಮಾರುಕಟ್ಟೆಗೆ ತಂದಿತು.

ಇಬ್ಬರೂ ತಮ್ಮ ಹೆಸರನ್ನು ಒಳಗೇ ಬಚ್ಚಿಟ್ಟರು. ತಾಯಿತವನ್ನು ಕದ್ದು ಪಾತಾಳದಲ್ಲಿ ಅಡಗಿರುವ ಮಾಂತ್ರಿಕನ ಹೆಸರು ವೆರ್ಡ್ನ; ತಂಡವನ್ನು ಅಟ್ಟುವ ಹುಚ್ಚು ದೊರೆಯ ಹೆಸರು ಟ್ರೆಬರ್. ಇಂಗ್ಲಿಷಿನಲ್ಲಿ ಹಿಂದುಮುಂದಾಗಿ ಓದಿದರೆ ಆಂಡ್ರ್ಯೂ, ರಾಬರ್ಟ್.

> ಪಾತಾಳದ ಅಳತೆ
>
> ಮಹಡಿಗಳು 10. ಒಂದೊಂದು ಮಹಡಿ ಉದ್ದಕ್ಕೆ 20 ಚೌಕ, ಅಗಲಕ್ಕೆ 20 ಚೌಕ.
>
> ಮಂತ್ರಗಳಿಗೆ ಏಳು ಹಂತ. ಪ್ರತಿ ಮಂತ್ರಕ್ಕೂ ಹುಟ್ಟಿಸಿದ ಹೆಸರು: 'ಹಲಿಟೊ' ಎಂದರೆ ಸಣ್ಣ ಬೆಂಕಿ, 'ಕಟಿನೊ' ನಿದ್ದೆ, 'ಡಿಯೋಸ್' ಗಾಯಕ್ಕೆ ಮದ್ದು, 'ಡುಮಪಿಕ್' ನಿಂತ ಜಾಗದ ಲೆಕ್ಕ, 'ಟಿಲ್ಟೊವೇಟ್' ಪ್ರಳಯ. ಮೂಲ ಆಟದಲ್ಲಿ ಹೆಸರನ್ನು ಅಕ್ಷರ ಅಕ್ಷರ ಒತ್ತಿಯೇ ಮಂತ್ರ ಹಾಕಬೇಕು.
>
> ಸಜ್ಜನರೂ ದುರ್ಜನರೂ ಛತ್ರದಲ್ಲಿ ಒಂದೇ ತಂಡಕ್ಕೆ ಸೇರುವುದಿಲ್ಲ. ತಟಸ್ಥರು ಯಾರ ಜೊತೆಗೂ ಹೊರಡುತ್ತಾರೆ.
>
> ತಲೆ ಕಡಿಯುವ ಮೊಲಗಳಿವೆ. ನೋಡಿ ನಗುವಂತಿಲ್ಲ.

ಪೆನ್ಸಿಲ್ಲೇ ದೀಪ

ಮೂಲ ವಿಜಾರ್ಡ್ರಿ ನಕ್ಷೆ ತೋರಿಸುವುದಿಲ್ಲ. ಗ್ರಾಫ್ ಹಾಳೆ ಹಿಡಿದು ಆಡುವವರೇ ಬರೆದುಕೊಳ್ಳಬೇಕು. ಸೊಸೆಗೆ ಈ ಕೆಲಸ ಬಂದದ್ದು ಯಾರೂ ವಹಿಸಿದ್ದರಿಂದಲ್ಲ. ಮೊದಲ ಸಂಜೆಯೇ ಪೆನ್ಸಿಲ್ ಕಸಿದುಕೊಂಡಳು, ಆಮೇಲೆ ಬಿಡಲಿಲ್ಲ.

ನಕ್ಷೆ ಬರೆಯುವವರನ್ನು ಕೆಡವಲೆಂದೇ ಆಟ ಹೊಂಚು ಹಾಕಿದೆ. ಕೆಲವು ಚೌಕದಲ್ಲಿ ಕಾಲಿಟ್ಟೊಡನೆ ತಂಡ ಸದ್ದಿಲ್ಲದೆ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಉತ್ತರವೆಂದುಕೊಂಡು ನಡೆದದ್ದು ಪೂರ್ವ. ಕೆಲವು ಕಡೆ ಬೆಳಕಿನ ಮಂತ್ರವನ್ನೂ ನುಂಗುವ ಕಗ್ಗತ್ತಲೆ. ಇನ್ನು ಕೆಲವು ಚೌಕ ತಂಡವನ್ನು ಎತ್ತಿ ಅದೇ ರೀತಿಯ ಇನ್ನೊಂದು ಓಣಿಯಲ್ಲಿ ಇಳಿಸುತ್ತವೆ. ಇಳಿಸಿದ್ದು ಗೊತ್ತೇ ಆಗುವುದಿಲ್ಲ. ಕೆಲವು ಮಹಡಿಗಳಲ್ಲಿ ಪೂರ್ವದ ಅಂಚು ದಾಟಿದರೆ ಪಶ್ಚಿಮದ ಅಂಚಿನಿಂದ ಒಳಗೆ ಬರುತ್ತೀರಿ.

"ಈ ಗೋಡೆ ಇಲ್ಲಿ ಇರೂಲೆ ಸಾಧ್ಯವೇ ಇಲ್ಲೆ" ಎಂದು ಅವಳು ಹಟಹಿಡಿದ ಸಂಜೆಯನ್ನು ನಾನು ಮರೆಯಲಾರೆ. ಡುಮಪಿಕ್ ಹಾಕಿಸಿದಳು. ಪರದೆಯ ಮೇಲೆ ಬಂದ ಅಂಕಿಗೂ ಅವಳ ಹಾಳೆಗೂ ತಾಳೆಯಾಗಲಿಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ, ತಿರುಗಿಸುವ ಚೌಕ ಯಾವುದೆಂದು ಹಿಡಿದು, ಅದಕ್ಕೊಂದು ಸುಳಿಯ ಗುರುತು ಹಾಕಿದಳು. ಎಂಟನೇ ತರಗತಿಯ ಹುಡುಗಿ, ಯಾರೂ ಹೇಳಿಕೊಡದೆ, ತನ್ನ ಊಹೆಯನ್ನು ತಾನೇ ಪರೀಕ್ಷೆಗೆ ಒಡ್ಡಿದಳು.

ಈಗಿನ ಬಹಳಷ್ಟು ಆಟಗಳಲ್ಲಿ ಹೋಗಬೇಕಾದ ಕಡೆಗೆ ಹೊಳೆಯುವ ಬಾಣ ಇರುತ್ತದೆ. ಆ ಬಾಣ ಮಕ್ಕಳಿಂದ ದೊಡ್ಡದೊಂದನ್ನು ಕಿತ್ತುಕೊಂಡಿದೆ ಎಂದೇ ನಾನು ನಂಬುತ್ತೇನೆ. ದಾರಿ ತಪ್ಪುವ ಅವಕಾಶವೇ ಇಲ್ಲದವರಿಗೆ ಜಾಗ ಗುರುತಾಗುವುದೂ ಇಲ್ಲ. ವಿಜಾರ್ಡ್ರಿಯ ಮೊದಲ ಮಹಡಿ ಈಗ ನಮ್ಮ ಮನೆಯ ಮಕ್ಕಳಿಗೆ ಕುಮಟಾದ ಪೇಟೆಯಷ್ಟೇ ಗೊತ್ತು.

ಇನ್ನೊಂದು ವಿಚಿತ್ರ. ನಾಲ್ಕನೇ ಮಹಡಿಯಲ್ಲಿ ಕಾವಲುಪಡೆಯನ್ನು ಗೆದ್ದರೆ ನೀಲಿ ಪಟ್ಟಿಯೊಂದು ಸಿಗುತ್ತದೆ. ಅದು ಇದ್ದವರಿಗೆ ಲಿಫ್ಟಿನಲ್ಲಿ ನೇರ ಒಂಬತ್ತಕ್ಕೆ ಇಳಿಯಲು ಅಪ್ಪಣೆ. ಅಂದರೆ ಐದರಿಂದ ಎಂಟರವರೆಗಿನ ಮಹಡಿಗಳನ್ನು ನೋಡದೆಯೂ ಆಟ ಗೆಲ್ಲಬಹುದು. ಅಳಿಯ ಹಾಗೇ ಮಾಡೋಣ ಎಂದ. ಸೊಸೆ ಒಪ್ಪಲಿಲ್ಲ: ಹಾಳೆ ಖಾಲಿ ಬಿಡುವುದುಂಟೇ? ನಾವು ನಾಲ್ಕೂ ಮಹಡಿ ನಡೆದೆವು.

ಸಾವಿಗೆ ಇಲ್ಲಿ ತೂಕವಿದೆ

ಯಾರಾದರೂ ಸತ್ತರೆ ಆಟ ಆ ಕ್ಷಣವೇ ಅದನ್ನು ಡಿಸ್ಕಿನಲ್ಲಿ ಬರೆದಿಡುತ್ತದೆ. ಹಿಂದಿನ ಹಂತಕ್ಕೆ ಮರಳುವ ಗುಂಡಿಯಿಲ್ಲ. ಎಂಬತ್ತರ ದಶಕದ ಆಟಗಾರರು ಏಟು ಬೀಳುವಾಗಲೇ ಫ್ಲಾಪಿಯನ್ನು ಎಳೆದು ತೆಗೆಯುತ್ತಿದ್ದ ಕಥೆಗಳು ಆ ಕಾಲದವರಲ್ಲಿ ಇಂದಿಗೂ ಓಡಾಡುತ್ತವೆ.

ಹೆಣವನ್ನು ಹೊತ್ತು ಕೋಟೆಗೆ ತಂದು, ದೇವಾಲಯಕ್ಕೆ ಕಾಣಿಕೆ ಕೊಟ್ಟರೆ ಅವರು ಎಬ್ಬಿಸಲು ನೋಡುತ್ತಾರೆ. ಫಲಿಸದಿದ್ದರೆ ದೇಹ ಬೂದಿಯಾಗುತ್ತದೆ. ಬೂದಿಯಿಂದ ಎಬ್ಬಿಸಲು ಇನ್ನೂ ಹೆಚ್ಚು ಹಣ. ಅದೂ ಫಲಿಸದಿದ್ದರೆ ಹೆಸರು ಪಟ್ಟಿಯಿಂದಲೇ ಶಾಶ್ವತವಾಗಿ ಹೋಗುತ್ತದೆ. ಬಹಳ ಕೆಳಗಿನ ಮಹಡಿಗೆ ಹಾರಲು 'ಮಲೋರ್' ಎಂಬ ಮಂತ್ರವಿದೆ. ಲೆಕ್ಕ ತಪ್ಪಿ ಬಂಡೆಯೊಳಗೆ ಇಳಿದರೆ ಆರೂ ಜನ ಒಮ್ಮೆಗೇ ಇಲ್ಲ.

ಇಡೀ ತಂಡ ಒಳಗೇ ಸತ್ತರೆ? ಹೆಣಗಳು ಬಿದ್ದ ಚೌಕದಲ್ಲೇ ಕಾಯುತ್ತವೆ. ಹೊಸದಾಗಿ ಆರು ಜನರನ್ನು ಹುಟ್ಟಿಸಿ, ಬೆಳೆಸಿ, ಅವರನ್ನು ಹುಡುಕಲು ಕಳಿಸಬೇಕು. ಎಲ್ಲಿ ಬಿದ್ದಿದ್ದಾರೆಂದು ತಿಳಿಯಲು ಅರ್ಚಕನಿಗೊಂದು ಮಂತ್ರವೂ ಇದೆ, 'ಕಂಡಿ'.

ನಮ್ಮ ಮೊದಲ ತಂಡ ಐದನೇ ಮಹಡಿಯಲ್ಲಿ ಬಿತ್ತು. ಎರಡನೇ ತಂಡ ಕಟ್ಟುವಾಗ ಮಕ್ಕಳ ರೀತಿಯೇ ಬೇರೆಯಾಗಿತ್ತು. ಯಾರೂ ಅವಸರ ಮಾಡಲಿಲ್ಲ. ಮಂತ್ರ ಅರ್ಧ ಮುಗಿದಿದ್ದರೆ ಕಿರಿಯವನೇ ಹೇಳುತ್ತಿದ್ದ, "ಮಾವಾ, ಇನ್ನು ಬ್ಯಾಡ, ತಿರುಗಿ ಹೋಪನ." ತಂಡದಲ್ಲಿ ಆರೇ ಜಾಗ, ಒಂದೆರಡು ಜಾಗ ಖಾಲಿ ಇಟ್ಟುಕೊಂಡು ಇಳಿದು, ಒಬ್ಬೊಬ್ಬರನ್ನೇ ಹೊತ್ತು ಮೇಲೆ ತಂದೆವು. ಹಳಬರಲ್ಲಿ ಒಬ್ಬಳು, ಮಂತ್ರವಾದಿನಿ, ದೇವಾಲಯದಲ್ಲಿ ಬೂದಿಯಾದಳು. ಎರಡನೇ ಕಾಣಿಕೆಗೆ ಹಣ ಸೇರಿಸುವ ತನಕ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಎದ್ದಳು. ಅಂದು ರಾತ್ರಿ ನನ್ನ ಅಕ್ಕ ಪಾಯಸ ಮಾಡಿದಳು.

ಭಾಗವತರ ಜಾಗದಲ್ಲಿ ಯಂತ್ರ

ಇದೆಲ್ಲ ನಮ್ಮ ಸೀಮೆಗೆ ಹೊಸದೆಂದು ನನಗೆ ಅನ್ನಿಸಿಲ್ಲ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿಟ್ಟ ಮೇಲೆ, ಮಳೆಗಾಲದ ಸಂಜೆಗಳಲ್ಲಿ ಇಲ್ಲಿ ನಡೆಯುವುದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯದ ನಾಲ್ಕು ಜನ ಎದುರುಬದುರು ಕೂರುತ್ತಾರೆ. ಒಬ್ಬರು ವಾಲಿ, ಒಬ್ಬರು ರಾಮ. ಭಾಗವತರು ಪದ ಎತ್ತಿಕೊಡುತ್ತಾರೆ. ಆಮೇಲಿನ ಮಾತಿಗೆ, ಅಂದರೆ ಅರ್ಥಕ್ಕೆ, ಬರೆದಿಟ್ಟ ಪಾಠವಿಲ್ಲ. ವಾಲಿ ಸಾಯುವುದು ಎಲ್ಲರಿಗೂ ಗೊತ್ತು. ಇಂದಿನ ವಾಲಿ ಏನು ಕೇಳುತ್ತಾನೆ, ಇಂದಿನ ರಾಮ ಏನು ಹೇಳಿ ಪಾರಾಗುತ್ತಾನೆ ಎಂಬುದಕ್ಕೆ ಜನ ನಡುರಾತ್ರಿಯ ತನಕ ಕೂರುತ್ತಾರೆ.

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ್ದು ಹೊನ್ನಾವರ ತಾಲ್ಲೂಕಿನಲ್ಲಿ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ತಾಲ್ಲೂಕಿನವರು. ಪಾತ್ರದೊಳಗೆ ಹೊಕ್ಕು, ಅದರ ನ್ಯಾಯದಲ್ಲೇ ಯೋಚಿಸಿ ಮಾತಾಡುವುದನ್ನು ಇಲ್ಲಿನ ಮಕ್ಕಳು ಅಜ್ಜನ ತೊಡೆಯ ಮೇಲೆ ಕುಳಿತೇ ನೋಡಿರುತ್ತಾರೆ.

ಮೇಜಿನ ಸುತ್ತಲಿನ ಆಟದಲ್ಲಿ ಡಂಜನ್ ಮಾಸ್ಟರ್ ಕೂರುವುದು ಭಾಗವತರ ಜಾಗದಲ್ಲಿ. ಪ್ರಸಂಗ ಅವನ ಕೈಯಲ್ಲಿ, ಅರ್ಥ ಆಡುವವರ ಬಾಯಲ್ಲಿ. ವಿಜಾರ್ಡ್ರಿ ಆ ಜಾಗದಲ್ಲಿ ಯಂತ್ರವನ್ನು ಕೂರಿಸಿತು. ಯಂತ್ರ ದಾಳ ಉರುಳಿಸುತ್ತದೆ, ಲೆಕ್ಕ ಇಡುತ್ತದೆ, ಕಥೆ ಮಾತ್ರ ಎರಡು ಸಾಲು: ತಾಯಿತ ಕದ್ದಿದ್ದಾರೆ, ತನ್ನಿ. ಕಥೆ ಇಷ್ಟು ಬಡವಾದದ್ದು ಈ ಆಟದ ನಿಜವಾದ ಕೊರತೆ; ಸಜ್ಜನ ದುರ್ಜನ ಎಂಬ ವಿಂಗಡಣೆಯೂ ತೀರಾ ತೆಳು.

ಆದರೆ ಆ ಖಾಲಿ ಜಾಗವನ್ನು ನಮ್ಮ ಜಗಲಿ ತುಂಬಿತು. ಬೂದಿಯಾಗಿ ಎದ್ದ ಮಂತ್ರವಾದಿನಿ ಮತ್ತೆ ಅದೇ ಐದನೇ ಮಹಡಿಗೆ ಇಳಿಯಲು ಒಪ್ಪುವಳೇ ಎಂಬ ಚರ್ಚೆ ಎದ್ದಿತು. ಸೊಸೆ ಅವಳ ಪರವಾಗಿ ಮಾತಾಡಿದಳು, ಅಳಿಯ ತಂಡದ ನಾಯಕನಾಗಿ ಉತ್ತರ ಕೊಟ್ಟ. ಒಳಗಿನಿಂದ ಭಾವ ಬಂದು ನಿಂತು ಕೇಳಿದರು. ತಾಳಮದ್ದಳೆಯ ಹಳೆಯ ಕೇಳುಗರವರು. ಅವಳ ವಾದವೇ ಗಟ್ಟಿ ಎಂದು ತೀರ್ಪಿತ್ತರು. ಮಂತ್ರವಾದಿನಿ ಛತ್ರದಲ್ಲಿ ಉಳಿದಳು.

> ಕುಲದ ಬಳ್ಳಿ
>
> 1985: 'ದಿ ಬಾರ್ಡ್ಸ್ ಟೇಲ್'. ತಂಡದೊಳಗೆ ಹಾಡುಗಾರನಿಗೂ ಜಾಗ.
>
> 1986: ಜಾನ್ ವ್ಯಾನ್ ಕೇನೆಘೆಮ್ ಅವರ 'ಮೈಟ್ ಅಂಡ್ ಮ್ಯಾಜಿಕ್'. ಅದೇ ವರ್ಷ ಜಪಾನಿನ 'ಡ್ರ್ಯಾಗನ್ ಕ್ವೆಸ್ಟ್'. ಅದರ ಕರ್ತೃ ಯುಜಿ ಹೊರಿಯಿಗೆ ವಿಜಾರ್ಡ್ರಿಯೂ ಒಂದು ಪ್ರೇರಣೆ.
>
> 1987: 'ಡಂಜನ್ ಮಾಸ್ಟರ್'. ಸರದಿಗೆ ಕಾಯುವ ಕಾಲ ಮುಗಿಯಿತು. ಯೋಚಿಸುತ್ತ ನಿಂತರೆ ರಾಕ್ಷಸರು ನಿಲ್ಲುವುದಿಲ್ಲ.
>
> 1991: 'ಐ ಆಫ್ ದಿ ಬಿಹೋಲ್ಡರ್'.
>
> 2012: 'ಲೆಜೆಂಡ್ ಆಫ್ ಗ್ರಿಮ್‌ರಾಕ್'. ಚೌಕದಿಂದ ಚೌಕಕ್ಕೆ ನಡೆಯುವ ಹಳೆಯ ನಡಿಗೆ ಮರಳಿ ಬಂತು.
>
> 2024: ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ ವಿಜಾರ್ಡ್ರಿಯನ್ನೇ ಹೊಸದಾಗಿ ಹೊರತಂದಿತು, ಹೊಸ ಚಿತ್ರಗಳ ಅಡಿಯಲ್ಲಿ ಓಡುವುದು ಮೂಲ ಆಪಲ್ 2 ಆಟವೇ. ಸಂಗೀತಕ್ಕಾಗಿ ವಿನಿಫ್ರೆಡ್ ಫಿಲಿಪ್ಸ್ 2025ರಲ್ಲಿ ಗ್ರ್ಯಾಮಿ ಪಡೆದರು. ಗ್ರೀನ್‌ಬರ್ಗ್ ತೀರಿಕೊಂಡದ್ದು 2024ರ ಆಗಸ್ಟಿನಲ್ಲಿ.

ಮಿರ್ಜಾನಿಗೆ ಗ್ರಾಫ್ ಹಾಳೆ

ಹತ್ತನೇ ಮಹಡಿಯ ಬಗ್ಗೆ ಹೆಚ್ಚು ಹೇಳಲಾರೆ, ಆಡುವವರಿಗೆ ಉಳಿಯಲಿ. ವೆರ್ಡ್ನ ಒಬ್ಬನೇ ಇರುವುದಿಲ್ಲ, ರಕ್ತಪಿಶಾಚಿಗಳ ಕಾವಲಿದೆ. ಅವು ಮುಟ್ಟಿದರೆ ಗಳಿಸಿದ ಅನುಭವವೇ ಸೋರಿಹೋಗುತ್ತದೆ. ತಾಯಿತ ಕೈಗೆ ಬಂದು, ಅದನ್ನು ಕೋಟೆಗೆ ಮುಟ್ಟಿಸಿದಾಗ ದೊರೆ ಪ್ರತಿ ಹೆಸರಿನ ಪಕ್ಕ ಒಂದು ಪುಟ್ಟ ಗುರುತು ಹಾಕಿಕೊಡುತ್ತಾನೆ. ಮಕ್ಕಳು ಅದನ್ನು ಬಹಳ ಹೊತ್ತು ನೋಡಿದರು. ಛತ್ರದಲ್ಲಿ ಉಳಿದ ಮಂತ್ರವಾದಿನಿಗೆ ಅದು ಇಲ್ಲವಲ್ಲ ಎಂದು ಸೊಸೆಗೆ ಬೇಸರವಾಯಿತು.

ಮಳೆ ಹೊಳವಾದ ಒಂದು ಭಾನುವಾರ ಮಿರ್ಜಾನ್ ಕೋಟೆಗೆ ಹೋದೆವು. ಕುಮಟಾದಿಂದ ಹನ್ನೊಂದು ಕಿಲೋಮೀಟರ್, ಅಘನಾಶಿನಿಯ ದಂಡೆಗೆ ಹತ್ತಿರ. ಚಿರೆಕಲ್ಲಿನ ಜೋಡಿ ಗೋಡೆ, ಸುತ್ತ ಕಂದಕ, ಒಳಗೆ ಕಾಲುವೆಗಳಿಂದ ಬೆಸೆದ ಬಾವಿಗಳು, ಗುಟ್ಟು ದಾರಿಗಳು. ಮಳೆಗಾಲದಲ್ಲಿ ಗೋಡೆಯ ಮೇಲೆಲ್ಲ ಪಾಚಿ ಹಬ್ಬಿ ಕೋಟೆಗೆ ಕೋಟೆಯೇ ಹಸಿರು. ಪುರಾತತ್ವ ಇಲಾಖೆ 2000-01ರಲ್ಲಿ ಇಲ್ಲಿ ಉತ್ಖನನ ನಡೆಸಿದಾಗ ಫಿರಂಗಿ ಗುಂಡು, ಚೀನಾದ ಪಿಂಗಾಣಿ ಚೂರು, ಪೋರ್ಚುಗೀಸರ ಚಿನ್ನದ ನಾಣ್ಯ ಸಿಕ್ಕಿದ್ದವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಆಳಿದ ನಾಡಿದು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿಯೆಂದೇ ಕರೆಯುತ್ತಿದ್ದರು.

ಸೊಸೆ ಚೀಲದಿಂದ ಹಾಳೆ ತೆಗೆದಳು. ಹೆಜ್ಜೆ ಎಣಿಸಿ ಗೋಡೆ ಬರೆಯತೊಡಗಿದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಈಗ ಆ ನಕ್ಷೆ ಆಟವಾಗುತ್ತಿದೆ. ಕಂಪ್ಯೂಟರಿನದಲ್ಲ, ಸದ್ಯಕ್ಕೆ ಕಾಗದದ್ದು. ಮೆಣಸಿನ ಹೇರು ಹೊತ್ತ ದೋಣಿಯಿಂದ ಇಳಿಯುವ ಆರು ಜನ. ಘಟ್ಟದ ಹಾದಿ ಬಲ್ಲ ಹೇರಿನವನೊಬ್ಬ, ಭಟ್ಕಳದ ವ್ಯಾಪಾರಿಯೊಬ್ಬ, ಔಷಧದ ಬೇರು ಬಲ್ಲ ಮುದುಕಿಯೊಬ್ಬಳು, ಅಂಬಿಗ, ಬಿಲ್ಲುಗಾರ. ಆರನೆಯವರು ಯಾರೆಂದು ಜಗಳ ನಡೆದಿದೆ.

ಅಳಿಯನ ಪ್ರಕಾರ ರಾಣಿ ಕೊನೆಯ ಮಹಡಿಯಲ್ಲಿರಬೇಕು, ಅವಳನ್ನು ಹುಡುಕಿಕೊಂಡು ಇಳಿಯಬೇಕು. ಸೊಸೆ ಬಿಲ್‌ಕುಲ್ ಒಪ್ಪುತ್ತಿಲ್ಲ. ರಾಣಿಯೇ ಆರನೆಯವಳು, ಮುಂದಿನ ಸಾಲಿನಲ್ಲಿ ನಿಲ್ಲುತ್ತಾಳೆ ಎನ್ನುತ್ತಾಳೆ. ತೀರ್ಪು ಕೊಡಲು ಭಾವನನ್ನು ಕರೆದಿದ್ದಾರೆ. ಅವರು ಎರಡೂ ಕಡೆಯ ಅರ್ಥ ಪೂರ್ತಿ ಕೇಳದೆ ಏನೂ ಹೇಳುವುದಿಲ್ಲವಂತೆ.